ಹೆಸರಿಲ್ಲದವರ ಎಲೆ

ಆಯುಧ ಪೂಜೆಯ ದಿನ ಬೆಳಿಗ್ಗೆ ಮಂಜಯ್ಯನಿಗೆ ತನ್ನ ಹಗ್ಗ ಸಿಗಲಿಲ್ಲ.

ಕತ್ತಿ, ಹಾರೆ, ಗುದ್ದಲಿಗಳೆಲ್ಲ ಮೈ ತೊಳೆದುಕೊಂಡು ಜಗಲಿಯ ಮೇಲೆ ಸಾಲಾಗಿ ಕೂತಿದ್ದವು. ಮಗ ಸುಂದರೇಶ್ ತನ್ನ ಗೂಡ್ಸ್ ಆಟೋಗೆ ನೀರು ಹೊಡೆದು ಸೇವಂತಿಗೆ ಹಾರ ಕಟ್ಟಿಯೂ ಆಗಿತ್ತು. ಅಡುಗೆಮನೆಯ ಮಿಕ್ಸಿ ಕೂಡ ಹೊರಗೆ ಬಂದು ತನ್ನ ಪಾಲಿನ ಕುಂಕುಮಕ್ಕೆ ಕಾಯುತ್ತಿತ್ತು. ಹಗ್ಗ ಮಾತ್ರ ಇಲ್ಲ. ಅಟ್ಟದಲ್ಲಿ ಅದನ್ನು ಸುತ್ತಿ ನೇತುಹಾಕುತ್ತಿದ್ದ ಬಿದಿರಿನ ಗಳು ಬರಿದಾಗಿತ್ತು.

ಅದು ಅಂಥಿಂಥ ಹಗ್ಗವಲ್ಲ. ಕೊಪ್ಪದ ಹತ್ತಿರದ ನಾರ್ವೆ ಸುತ್ತಿನ ತೋಟಗಳಲ್ಲಿ ಮಂಜಯ್ಯ ಹರೆಯದಿಂದ ಅಡಿಕೆ ಮರ ಹತ್ತಿದವನು. ಮರದ ತುದಿಯಲ್ಲಿ ಕೂತು ಕೊಯ್ದ ಅಡಿಕೆ ಕೊನೆಯನ್ನು ಈ ಹಗ್ಗದ ಮೇಲೆ ಜಾರಿಸಿದರೆ ಒಂದು ಕಾಯೂ ಚೆಲ್ಲದೆ ನೆಲಕ್ಕೆ ಇಳಿಯುತ್ತಿತ್ತು. ಈಗ ಮಂಡಿ ಕೈಕೊಟ್ಟಿದೆ, ತೋಟಗಳಿಗೆ ನೆಲದಲ್ಲೇ ನಿಂತು ಕೊಯ್ಯುವ ಉದ್ದನೆಯ ದೋಟಿಗಳು ಬಂದಿವೆ, ಮರ ಹತ್ತುವುದು ನಿಂತಿದೆ. ಆದರೂ ಹಗ್ಗಕ್ಕೆ ಎಣ್ಣೆ ಹಚ್ಚುವುದು ನಿಂತಿಲ್ಲ. ಅದನ್ನು ಯಾರೂ ದಾಟಬಾರದು, ತುಳಿಯಬಾರದು. ಮನೆಯ ಬೆಕ್ಕಿಗೂ ಈ ಕಾನೂನು ಗೊತ್ತಿತ್ತು.

"ಹಗ್ಗ ಎಲ್ಲೇ?" ಎಂದು ಮಂಜಯ್ಯ ಕೇಳಿದ.

ಸುಳ್ಳು ಹೇಳುವ ಅಭ್ಯಾಸ ಹೆಂಡತಿ ಸೀತಕ್ಕನಿಗೆ ಇರಲಿಲ್ಲ. ಇದ್ದಿದ್ದರೆ ಆ ದಿನ ಉಪಯೋಗಕ್ಕೆ ಬರುತ್ತಿತ್ತು. "ಶಾಲೇಲಿದೆ. ಅಂಬಿಕಾ ಪಾಠಕ್ಕೆ ಬೇಕು ಅಂದ್ಲು. ನಾನೇ ತೆಗ್ದು ಕೊಟ್ಟೆ" ಎಂದಳು.

ಟೀಚರಾದ ಸೊಸೆಗೆ ಕೊಟ್ಟದ್ದು ದೊಡ್ಡ ತಪ್ಪಲ್ಲ, ವಾಪಸು ತರಲು ಮರೆತದ್ದು ತಪ್ಪು. ಶಾಲೆಗೆ ದಸರಾ ರಜೆ ಬಿದ್ದಿತ್ತು. ಹಗ್ಗ ವಿಜ್ಞಾನದ ಕೋಣೆಯಲ್ಲಿ, ಕೋಣೆಗೆ ಬೀಗ, ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ, ಹೆಡ್‌ಮಾಸ್ಟರು ತಮ್ಮ ಊರಲ್ಲಿ. ಮಂಜಯ್ಯ ಕತ್ತಿಗೂ ಹಾರೆಗೂ ಆರತಿ ಎತ್ತಿದ. ಮಿಕ್ಸಿಗೆ ಕುಂಕುಮ ಹಚ್ಚುವಾಗ ಅವನ ಮುಖ ನೋಡಲು ಸೀತಕ್ಕನಿಗೆ ಧೈರ್ಯ ಬರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವನು ಸೊಸೆಯನ್ನು ಸಮಾಧಾನದಿಂದಲೇ ಕೇಳಿದ, ಅಷ್ಟುದ್ದದ ಹಗ್ಗದಲ್ಲಿ ಎಂಥ ಪಾಠ ಮಾಡಿದೆ ಎಂದು. ಅಂಬಿಕಾಗೆ ಪಾಠದ ಮಾತೆಂದರೆ ಊಟ ಮರೆಯುವಷ್ಟು ಹುರುಪು. ಭೂಮಿಯ ಮೇಲೆ ಜೀವ ಹುಟ್ಟಿದಲ್ಲಿಂದ ಇವತ್ತಿನವರೆಗಿನ ಕಾಲವನ್ನು ಹಗ್ಗದಲ್ಲಿ ಅಳೆದು ತೋರಿಸಿದೆ ಎಂದು ಅವಳು ಶುರು ಮಾಡಿದಳು. ಅಷ್ಟರಲ್ಲಿ ಸುಂದರೇಶ್ ನಡುವೆ ಬಾಯಿ ಹಾಕಿದ.

"ಮಂಗನಿಂದ ಮನುಷ್ಯ ಆದ ಪಾಠ ಅಪ್ಪ. ನಾವೆಲ್ಲ ಮಂಗನ ಮಕ್ಳಂತೆ."

ಹೇಳಿ ಅವನೊಬ್ಬನೇ ನಕ್ಕ. ಮಂಜಯ್ಯನ ಕೈ ತಟ್ಟೆಯಲ್ಲೇ ನಿಂತಿತು.

"ನನ್ನ ಹಗ್ಗ ಹಿಡ್ಕಂಡು ಮಂಗನ ಕತೆ ಹೇಳಿದ್ಯಾ?" ಎಂದ. ದನಿ ಏರಲಿಲ್ಲ. ತಟ್ಟೆ ಎತ್ತಿಕೊಂಡು ಹೊಸಿಲು ದಾಟಿ, ಜಗಲಿಯ ಮೇಲೆ ಹಾರೆ ಗುದ್ದಲಿಗಳ ಪಕ್ಕ ಕೂತು ಉಂಡ. ರಾತ್ರಿಯೂ ಅಲ್ಲೇ ಕೂತ. ಮರುದಿನವೂ ಅಷ್ಟೇ.

ಸೀತಕ್ಕ ಮದುವೆಯಾಗಿ ಬಂದ ವರ್ಷವೇ ಈ ಮನೆಗೆ ಒಂದು ನಿಯಮ ತಂದಿದ್ದಳು. ಹಗಲು ಯಾರು ಎಲ್ಲಿ ಬೇಕಾದರೂ ಉಣ್ಣಲಿ, ರಾತ್ರಿ ಮಾತ್ರ ಎಲ್ಲರೂ ಒಲೆಯ ಮುಂದೆ ಒಂದೇ ಸಾಲಿನಲ್ಲಿ ಕೂರಬೇಕು. ಜ್ವರ ಬಂದವರೂ ಬಂದು ಗಂಜಿ ಕುಡಿದು ಹೋಗಬೇಕು. ಆ ಸಾಲು ಈಗ ಮುರಿದಿತ್ತು. ಅದನ್ನು ಮತ್ತೆ ಕೂಡಿಸುವುದು ಹೇಗೆಂಬುದೇ ಅವಳ ಚಿಂತೆಯಾಯಿತು. ಉಳಿದದ್ದೆಲ್ಲ ಅವಳಿಗೆ ಆಮೇಲಿನ ಮಾತು.

ಆ ಪಾಠ ನಡೆದ ದಿನ ಸೀತಕ್ಕ ಅದನ್ನು ಕಣ್ಣಾರೆ ನೋಡಿದ್ದಳು. ಸೊಸೆ ವಿಜ್ಞಾನ ಹೇಳುವ ಹೈಸ್ಕೂಲಿನಲ್ಲೇ ಅತ್ತೆ ಬಿಸಿಯೂಟದ ಅಡುಗೆಯವಳು. ಶಾಲೆ ಕಟ್ಟಲು ಜಾಗ ಕೊಟ್ಟವರು ದೊಡ್ಡಮನೆಯವರು. ಈಗಿನ ಯಜಮಾನ ಗಜಾನನಯ್ಯ ಶಾಲಾ ಸಮಿತಿಯ ಅಧ್ಯಕ್ಷ. ಮನೆತನದ ಶಾಲೆಯೆಂಬ ಅಭಿಮಾನಕ್ಕೆ ತಮ್ಮ ಮಗಳು ಸಂಪದಾಳನ್ನೂ ಕೊಪ್ಪದ ಇಂಗ್ಲಿಷ್ ಶಾಲೆಗೆ ಕಳಿಸದೆ ಇಲ್ಲೇ ಹತ್ತನೇ ಕ್ಲಾಸಿಗೆ ಕೂರಿಸಿದ್ದರು. ಅಂಬಿಕಾಳದ್ದು ಖಾಯಂ ಕೆಲಸವಲ್ಲ. ಸಮಿತಿ ಪ್ರತಿ ಜೂನ್‌ನಲ್ಲಿ ಬಾ ಎಂದರೆ ಉಂಟು, ಬೇಡ ಎಂದರೆ ಇಲ್ಲ.

ಪಾಠ ಹುಟ್ಟಿದ್ದು ಒಂದು ಹಳೇ ಪುಸ್ತಕದಿಂದ. ಆ ವರ್ಷ ಹೊಸ ಪುಸ್ತಕ ಎಲ್ಲರಿಗೂ ಸಾಲಲಿಲ್ಲ. ದೊಡ್ಡಮನೆಯ ಕೊಟ್ಟಿಗೆ ಕೆಲಸದ ಗುರುವನ ಮಗಳು ನಿಶ್ಚಿತಾ ತನ್ನ ಅಕ್ಕನ ಹಳೇ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ಅಂಬಿಕಾ ಅನುವಂಶೀಯತೆಯ ಪಾಠ ಮುಗಿಯಿತು ಎಂದಾಗ ಆ ಹುಡುಗಿ ಎದ್ದು ನಿಂತು, ಟೀಚರ್, ನನ್ನ ಪುಸ್ತಕದಲ್ಲಿ ಇನ್ನೂ ಇದೆ ಎಂದಳಂತೆ. ಜೀವ ಹೇಗೆ ಬೆಳೆದು ಬಂತು ಎನ್ನುವ ಭಾಗ ಹೊಸ ಪುಸ್ತಕದಲ್ಲಿ ಇರಲಿಲ್ಲ, ತೆಗೆದಿದ್ದರು. ಹಾಗಾದರೆ ಅದು ಸುಳ್ಳಾ ಎಂದು ನಿಶ್ಚಿತಾ ಕೇಳಿದಳು. ಸುಳ್ಳಲ್ಲ, ನಾಳೆ ತೋರಿಸುತ್ತೇನೆ ಎಂದು ಅಂಬಿಕಾ ಮನೆಗೆ ಬಂದು ಅತ್ತೆಯ ಹತ್ತಿರ ಉದ್ದನೆಯ ಹಗ್ಗ ಕೇಳಿದ್ದಳು.

ಮರುದಿನ ಸೀತಕ್ಕ ಸಾಂಬಾರಿನ ಸೌಟು ಹಿಡಿದು ಕಿಟಕಿಯಲ್ಲಿ ನಿಂತಳು. ಆಟದ ಬಯಲಿನ ಈ ತುದಿಯಿಂದ ಆ ತುದಿಗೆ ಹಗ್ಗ ಎಳೆದಿತ್ತು. ಇದು ಜೀವ ಹುಟ್ಟಿದ ಜಾಗ, ಬನ್ನಿ ಎಂದು ಅಂಬಿಕಾ ನಡೆದಳು. ಮಕ್ಕಳು ಹಿಂದೆ ನಡೆದರು. ಎಷ್ಟು ನಡೆದರೂ ಕಣ್ಣಿಗೆ ಕಾಣದ ಹುಳವೇ, ಪಾಚಿಯೇ. ಇಷ್ಟುದ್ದ ಬರೀ ಪಾಚಿಯಾ ಎಂದು ಸೀತಕ್ಕನಿಗೂ ಬೇಸರ ಬಂತು. ಹಗ್ಗದ ಬಹುಪಾಲು ಮುಗಿದ ಮೇಲೆ ಮೀನು ಬಂತು, ಕಪ್ಪೆ ಬಂತು, ಹಲ್ಲಿಯ ಜಾತಿಯ ದೈತ್ಯರು ಬಂದು ಹೋದರು. ಮನುಷ್ಯ ಎಲ್ಲಿ ಟೀಚರ್ ಎಂದು ಮಕ್ಕಳು ಗಲಾಟೆ ಮಾಡಿದರು. ಅಂಬಿಕಾ ಕೂತು, ಹಗ್ಗದ ಕಟ್ಟಕಡೆಯ ತುದಿಯ ಮೇಲೆ ಉಗುರು ಇಟ್ಟು ತೋರಿಸಿದಳು. ಅರ್ಧ ಉಗುರಿನಷ್ಟೂ ಜಾಗ ಇರಲಿಲ್ಲ.

ಆಮೇಲೆ ಅವಳು ಒಬ್ಬೊಬ್ಬರನ್ನೇ ಅಜ್ಜಿಯ ಹೆಸರು, ಅಜ್ಜಿಯ ಅಮ್ಮನ ಹೆಸರು, ಅವಳ ಅಮ್ಮನ ಹೆಸರು ಕೇಳಿದಳು. ದೊಡ್ಡಮನೆಯವರದ್ದು ಉಳಿದವರಿಗಿಂತ ಒಂದು ತಲೆಮಾರು ಜಾಸ್ತಿ ನಡೆಯಿತು, ಅಷ್ಟೇ. ನಮ್ಮ ಮನೆಯಲ್ಲಿ ದೀಪಾವಳಿಗೆ ಹಿರಿಯರಿಗೆ ಎಡೆ ಇಡುವಾಗ ಹೆಸರು ಗೊತ್ತಿದ್ದವರಿಗೆಲ್ಲ ಒಳಗೆ ಒಂದೊಂದು ಎಲೆ, ಹೆಸರು ಮರೆತುಹೋದವರಿಗೆಲ್ಲ ಸೇರಿಸಿ ಹೊರಗೆ ಒಂದು ಎಲೆ ಹಾಕುತ್ತಾರೆ, ಈ ಹಗ್ಗದ ತುಂಬ ಇರುವವರು ಆ ಹೊರಗಿನ ಎಲೆಯವರು ಎಂದು ಅಂಬಿಕಾ ಹೇಳಿದಳು. ತನ್ನ ಮನೆಯ ಎಡೆಯ ವಿಷಯ ಶಾಲೆಯ ಬಯಲಿಗೆ ಬಂದದ್ದು ಕೇಳಿ ಸೀತಕ್ಕನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಆಗ ಸಂಪದಾ ಕೇಳಿದಳು. "ಟೀಚರ್, ಹೀಗೇ ಹಿಂದೆ ಹೋದ್ರೆ ನಮ್ಮನೆ ಅಜ್ಜಿಯೂ ನಿಶ್ಚಿತಾನ ಮನೆ ಅಜ್ಜಿಯೂ ಒಬ್ರೇ ಆಗ್ತಾರಾ?"

"ಆಗ್ತಾರೆ" ಎಂದಳು ಅಂಬಿಕಾ. "ಮಂಗನ ತನಕ ಹೋಗೋದೇ ಬೇಡ. ಅದಕ್ಕಿಂತ ಎಷ್ಟೋ ಈಚೆಗೇ."

ಗಂಟೆ ಹೊಡೆಯಿತು. ಸಾಂಬಾರು ತಳ ಹಿಡಿದಿತ್ತು. ಸೀತಕ್ಕ ಒಲೆಯ ಕಡೆ ಓಡಿದಳು, ಅಂಬಿಕಾ ಹಗ್ಗ ಸುತ್ತಿ ಕೋಣೆಯಲ್ಲಿಟ್ಟು ಮರೆತಳು. ಜಗಲಿಯ ಊಟಕ್ಕೆ ಮೂಲ ಇದು.

ರಜೆಯ ದಿನಗಳಲ್ಲಿ ಸೀತಕ್ಕ ತನ್ನ ಕೈಲಾದ ಉಪಾಯವನ್ನೆಲ್ಲ ಮಾಡಿದಳು. ಪತ್ರೊಡೆ ಮಾಡಿದಳು. ಅಕ್ಕಿ ಕಡುಬಿನ ಜೊತೆಗೆ ಕೋಳಿ ಸಾರು ಮಾಡಿದಳು. ಮಂಜಯ್ಯ ಎರಡೆರಡು ಸಲ ಹಾಕಿಸಿಕೊಂಡ, ಆದರೆ ಜಗಲಿಯಲ್ಲೇ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಮಾವ ಸೊಸೆಯ ಜಗಳಕ್ಕೆ ಅಂಥ ಗಡುವು ಯಾರೂ ಹಾಕಿಟ್ಟಿಲ್ಲ. ಇಬ್ಬರೂ ಒರಟು ಮಾತು ಆಡುತ್ತಿರಲಿಲ್ಲ. ಬಿಸಿನೀರು ಕಾದಿದೆ ಎಂಬುದನ್ನು ಸಹ ಎರಡನೇ ಕ್ಲಾಸಿನ ಮೊಮ್ಮಗಳು ಅರ್ಪಣಾಳ ಮೂಲಕ ಹೇಳಿ ಕಳಿಸುತ್ತಿದ್ದರು. ಹುಡುಗಿಗೆ ಓಡಾಡಿ ಓಡಾಡಿ ಸಾಕಾಗಿತ್ತು.

ಒಂದು ದಿನ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತ ಸೀತಕ್ಕ ಸೊಸೆಗೆ ಹೇಳಿದಳು.

"ನಿಂಗೆ ಗೊತ್ತಿಲ್ಲ ಅಂಬಿಕಾ. ಅವ್ರು ಒಂದು ಮರದ ತುದೀಲಿ ಕೂತು, ಮರಾನೇ ಬಗ್ಸಿ, ಇನ್ನೊಂದು ಮರಕ್ಕೆ ಹಾರ್ತಿದ್ರು. ಇಳ್ದು ಹತ್ತೋ ಕೆಲ್ಸ ಇಲ್ಲ. ದೊಡ್ಡಮನೆ ಮಕ್ಳು ಕೆಳಗೆ ನಿಂತು, ಮಂಗ ಹಾರ್ತು, ಮಂಗ ಹಾರ್ತು ಅಂತ ಚಪ್ಪಾಳೆ ಹೊಡಿಯೋವು. ಒಂದಿನ ಹಳೇ ಯಜಮಾನ್ರು ಸಹ ನಗ್ತಾ ಕೆಳಗಿಂದ ಒಂದು ಬಾಳೆಹಣ್ಣು ಎಸೆದ್ರಂತೆ. ಮೇಲೆ ಕೂತು ಅದನ್ನ ಹಿಡ್ಕೊಂಡ್ರಂತೆ ಇವ್ರು. ಬೇರೆ ಎಂತ ಮಾಡೋದು. ನಂಗೆ ಹೇಳಿದ್ದು ಒಂದೇ ಸಲ."

ಅಂಬಿಕಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಅವಳ ಕಣ್ಣು ತುಂಬಿತು. ಅವತ್ತೇ ಸಂಜೆ ಜಗಲಿಗೆ ಹೋಗಿ, ಹೇಳದೆ ಹಗ್ಗ ಒಯ್ದದ್ದು ತಪ್ಪಾಯಿತು ಎಂದಳು. ಮಂಜಯ್ಯ ತಲೆ ಆಡಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತೇನೋ. ಆದರೆ ಅವಳು ಟೀಚರು, ತಪ್ಪು ಕಂಡರೆ ತಿದ್ದದೆ ಇರಲಾರಳು. ಮಂಗ ನಮ್ಮ ಅಜ್ಜನಲ್ಲ ಮಾವ, ಮಂಗಕ್ಕೂ ನಮಗೂ ತುಂಬ ಹಿಂದೆ ಒಬ್ಬಳು ಅಜ್ಜಿ, ಅವಳು ಮಂಗವೂ ಅಲ್ಲ, ಮನುಷ್ಯಳೂ ಅಲ್ಲ ಎಂದು ವಿವರಿಸಿದಳು.

"ಮಂಗ ಅಜ್ಜ ಆದ್ರೆಂತ, ದಾಯಾದಿ ಆದ್ರೆಂತ" ಎಂದ ಮಂಜಯ್ಯ. "ಅವ್ರು ಅಂದಿದ್ದನ್ನೇ ನೀನು ಪುಸ್ತಕ ಹಿಡ್ಕಂಡು ಅಂದೆ."

ರಜೆ ಮುಗಿಯುವ ಮುಂಚೆ ದೊಡ್ಡಮನೆಯಿಂದ ಕರೆ ಬಂತು. ಈ ಸಲದ ಅಡಿಕೆ ಕೊಯ್ಲಿನ ಮಾತಿರಬೇಕೆಂದು ಮಂಜಯ್ಯ ಶರಟು ಬದಲಿಸಿ ಹೋದ. ಮರ ಹತ್ತದಿದ್ದರೂ ದೋಟಿಯವರ ಮೇಲ್ವಿಚಾರಣೆಗೆ ಪ್ರತಿ ವರ್ಷ ಅವನೇ. ಬರುವಾಗ ಅವನ ಮುಖ ಗಂಟಿಕ್ಕಿತ್ತು. ಅಂಬಿಕಾ ಪುಸ್ತಕದಲ್ಲಿ ಇಲ್ಲದ ಮಂಗನ ಪಾಠ ಮಾಡಿದ್ದಾಳೆಂದು ಸಮಿತಿಗೆ ದೂರು ಹೋಗಿದೆ, ಶಾಲೆ ತೆರೆದ ದಿನವೇ ಸಭೆ, ಹೇಳಿದ್ದು ತಪ್ಪು ಎಂದು ಟೀಚರು ತರಗತಿಯಲ್ಲಿ ಒಂದು ಮಾತು ಹೇಳಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ ಎಂದು ಗಜಾನನಯ್ಯ ಹೇಳಿದ್ದರು. ಗದರಿಸಿರಲಿಲ್ಲ, ಕಾಫಿ ಕೊಟ್ಟು ಹೇಳಿದ್ದರು. ಹೇಳಿಸುತ್ತೇನೆ ಎಂದು ಮಂಜಯ್ಯ ಮಾತು ಕೊಟ್ಟು ಬಂದಿದ್ದ.

ಆ ರಾತ್ರಿ ಅವನು ಜಗಲಿಯಿಂದ, ಅಂಬಿಕಾ ಒಲೆಯ ಮುಂದಿನಿಂದ, ನಡುವಿನ ಬಾಗಿಲಿನ ಮೂಲಕ ಮೊದಲ ಸಲ ನೇರವಾಗಿ ಜಗಳಾಡಿದರು.

"ಹಗ್ಗಕ್ಕೆ ಕ್ಷಮೆ ಕೇಳಿದೆ ಮಾವ. ಪಾಠಕ್ಕೆ ಕೇಳಲ್ಲ."

"ಕೆಲ್ಸ ಹೋಗ್ತದೆ."

"ಹೋಗ್ಲಿ. ನಿಜ ಹೇಳಿದ್ದನ್ನ ಸುಳ್ಳು ಅಂತ ನಾನೇ ಹೇಳಿದ್ರೆ, ಆಮೇಲೆ ಆ ಮಕ್ಳು ನನ್ನ ಯಾವ ಮಾತು ನಂಬಬೇಕು?"

"ನಾನು ಮಾತು ಕೊಟ್ಟಾಗಿದೆ ಕಣೆ."

"ನನ್ನ ಬಾಯಿಂದ ಬರೋ ಮಾತನ್ನ ನೀವು ಹ್ಯಾಗೆ ಕೊಟ್ರಿ?"

ಸುಂದರೇಶ್ ಮಜ್ಜಿಗೆ ಲೋಟ ಹಿಡಿದು, ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಏನಾದರೂ ಹೇಳಿಬಿಡು ಎಂದು ಹೆಂಡತಿಗೆ ಬುದ್ಧಿ ಹೇಳಲು ಹೋದ. ಬಿ.ಎಡ್. ಮಾಡಿಸಿದ್ದು ಇದಕ್ಕಾ ಎಂದು ಅವಳು ಕೇಳಿದಳು. ಅವನು ಮಜ್ಜಿಗೆ ಕುಡಿದು ಆಟೋ ಒರೆಸಲು ಎದ್ದ. ಮಂಗನ ಮಾತು ಮೊದಲು ತೆಗೆದವನು ನೀನೇ ಎಂದು ಸೀತಕ್ಕ ಅವನ ಬೆನ್ನಿಗೆ ಹೇಳಿದಳು.

ಅವಳಿಗೆ ಇಬ್ಬರ ಮೇಲೂ ಸಿಟ್ಟಿತ್ತು, ಇಬ್ಬರ ಮೇಲೂ ಮರುಕವಿತ್ತು. ಗಂಡನಿಗೆ ದೊಡ್ಡಮನೆಯ ಋಣ ದೊಡ್ಡದು. ಸೊಸೆ ಎಷ್ಟು ಕಷ್ಟಪಟ್ಟು ಓದಿದವಳೆಂದು ಅವಳಿಗೆ ಗೊತ್ತು. ಕೆರೆಕಟ್ಟೆಯ ಕಡೆಯ ಹುಡುಗಿ, ಬಸ್ಸು ತಪ್ಪಿದರೆ ಶೃಂಗೇರಿಯಿಂದ ನಡೆದೇ ಮನೆ ಸೇರುತ್ತಿದ್ದವಳು. ಕಪ್ಪುಹಲಗೆಯ ಮುಂದೆ ನಿಂತಾಗ ಅವಳ ಮುಖಕ್ಕೆ ಬರುವ ಕಳೆಯನ್ನು ಸೀತಕ್ಕ ಬಿಸಿಯೂಟದ ಕಿಟಕಿಯಿಂದ ದಿನಾ ನೋಡುತ್ತಿದ್ದಳು. ಆ ಕಳೆ ಹೋದರೆ ಮನೆಯ ಒಲೆಯ ಮುಂದೆ ಅವಳು ಹೇಗೆ ಕಾಣುತ್ತಾಳೋ ಎಂದು ಹೆದರಿಕೆಯಾಯಿತು.

ಶಾಲೆ ತೆರೆದ ದಿನ, ಊಟದ ಗಂಟೆಯ ಮೇಲೆ ಸಭೆ ಸೇರಿತು. ಸೀತಕ್ಕ ಚಹಾ ತಟ್ಟೆ ಹಿಡಿದು ಹೆಡ್‌ಮಾಸ್ಟರ ಕೋಣೆಗೆ ಹೋದಳು. ಗಜಾನನಯ್ಯ, ಅವರ ಹೆಂಡತಿ ವನಮಾಲಮ್ಮ, ಇನ್ನಿಬ್ಬರು ಸದಸ್ಯರು ಕುರ್ಚಿಯಲ್ಲಿದ್ದರು. ಅಂಬಿಕಾ ಮೇಜಿನ ಈಚೆ ನಿಂತಿದ್ದಳು. ಮಂಜಯ್ಯ ಬಾಗಿಲ ಬಳಿ ಗೋಡೆಗೆ ಒರಗಿದ್ದ. ಹೆಡ್‌ಮಾಸ್ಟರು ಕೂರು ಎಂದರೂ ಕೂತಿರಲಿಲ್ಲ.

ಗಜಾನನಯ್ಯ ಮೆಲುದನಿಯಲ್ಲೇ ಮಾತಾಡಿದರು. ವಿಜ್ಞಾನಕ್ಕೆ ತಮ್ಮ ಅಡ್ಡಿಯಿಲ್ಲ, ಆದರೆ ಪುಸ್ತಕದಲ್ಲಿ ಇದ್ದಷ್ಟು ಹೇಳಿದರೆ ಸಾಕು, ಮನುಷ್ಯ ಮಂಗನಿಂದ ಬಂದ ಎಂದರೆ ಮಕ್ಕಳಿಗೆ ದೇವರ ಮೇಲೂ ಹಿರಿಯರ ಮೇಲೂ ಭಕ್ತಿ ಉಳಿಯುವುದಿಲ್ಲ ಎಂದರು. ಸದಸ್ಯರು ಹೌದೌದು ಎಂದರು. ಹೆಡ್‌ಮಾಸ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎರಡೂ ಕಡೆ ತಲೆ ಆಡಿಸಿದರು. ಅಂಬಿಕಾ ತಾನು ಏನು ಹೇಳಿದೆ, ಏನು ಹೇಳಲಿಲ್ಲ ಎಂಬುದನ್ನು ತಿಳಿಸಿ, ಅದನ್ನು ಸುಳ್ಳೆಂದು ಹೇಳಲಾರೆ ಎಂದಳು. ಗಜಾನನಯ್ಯ ಮಂಜಯ್ಯನ ಕಡೆ ನೋಡಿದರು. ಅವನು ಬಾಯಿ ತೆರೆಯುವಷ್ಟರಲ್ಲಿ ವನಮಾಲಮ್ಮನ ತಾಳ್ಮೆ ಮುಗಿದಿತ್ತು.

"ಮಂಗ ಎಲ್ಲಿಂದ ಬಂದ್ರೆ ಎಂತ, ಅದಲ್ಲ ಈಗ" ಎಂದರು. "ನವರಾತ್ರಿಲಿ ನಮ್ಮನೆ ಕೂಸು ಆ ಗುರುವನ ಮಗಳನ್ನ ಕೈ ಹಿಡ್ಕಂಡು ಒಳಗೆ ಕರ್ಕಂಡು ಬಂತು. ನಾವೆಲ್ಲ ಉಣ್ಣಕ್ಕೆ ಕೂತಲ್ಲಿ ತನ್ನ ಪಕ್ಕ ಎಲೆ ಹಾಕಿ ಕೂರಿಸ್ತು. ಅವ್ಳಿಗೆ ಜಗಲಿಲಿ ಹಾಕ್ತೆ ಅಂದ್ರೆ, ಹಾಗಾದ್ರೆ ನಂಗೂ ಜಗಲಿಲೇ ಹಾಕಿ, ನಮ್ಮಿಬ್ರ ಅಜ್ಜಿ ಒಬ್ಳೇ ಅಂತು. ಟೀಚರ್ ಹೇಳಿದಾರೆ ಅಂತು. ಇದಕ್ಕೆ ನಾವು ಎಂತ ಹೇಳೋದು?"

ಅದು ಮನೆಯ ಮಾತು, ಇಲ್ಲಿ ಬೇಡವಾಗಿತ್ತು ಎಂದು ಗಜಾನನಯ್ಯ ಹೆಂಡತಿಗೆ ಸಣ್ಣಗೆ ಹೇಳಿದರು. ಸೀತಕ್ಕ ಚಹಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಅವಳು ಗಂಡನನ್ನು ನೋಡಿದಳು. ಮಂಜಯ್ಯ ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದ.

"ಹಾಗಾದ್ರೆ ದೂರು ಮಂಗಂದಲ್ವ ಅಯ್ಯಾ?" ಎಂದು ಕೇಳಿದ.

ಗಜಾನನಯ್ಯ ಮೇಜಿನ ಮೇಲಿನ ಕಾಗದ ಸರಿಮಾಡಿದರು.

"ಮಂಗ ಅಂದ್ರೆ ಬೇಜಾರಾಗ್ಬೇಕಾದ್ದು ನಂಗೆ. ಆಗಿತ್ತು ಸಹ. ನೀವು ಸಣ್ಣೋರಿದ್ದಾಗ ಮರದ ಕೆಳಗೆ ನಿಂತು ಚಪ್ಪಾಳೆ ಹೊಡೀತಿದ್ರಿ, ನಿಮಗೆ ನೆನಪಿರಲಿಕ್ಕಿಲ್ಲ. ನಿಮಗೂ ಅದೇ ಬೇಜಾರು ಅಂದ್ಕಂಡು ಮಾತು ಕೊಟ್ಟೆ. ನಿಮ್ಮ ಬೇಜಾರೇ ಬೇರೆ. ಕೊಟ್ಟ ಮಾತು ವಾಪಸ್ ತಗಂಡೆ. ನನ್ನ ಸೊಸೆ ಎಂತ ಹೇಳ್ತಾಳೋ ಅವ್ಳಿಗೇ ಬಿಟ್ಟಿದ್ದು."

ಅಷ್ಟು ಹೇಳಿ ಹೆಡ್‌ಮಾಸ್ಟರ ಹತ್ತಿರ ವಿಜ್ಞಾನದ ಕೋಣೆಯ ಬೀಗದ ಕೈ ಕೇಳಿದ.

ಸಭೆ ಆಮೇಲೆ ಬೇಗ ಮುಗಿಯಿತು. ಪರೀಕ್ಷೆ ಎದುರಿಗಿದೆ, ಈ ಸಂಬಳಕ್ಕೆ ನರಸಿಂಹರಾಜಪುರದ ತನಕ ಹುಡುಕಿದರೂ ಇನ್ನೊಬ್ಬ ವಿಜ್ಞಾನದವರು ಸಿಗುವುದಿಲ್ಲ ಎಂದು ಹೆಡ್‌ಮಾಸ್ಟರು ಧೈರ್ಯ ಮಾಡಿ ಹೇಳಿದರು. ಈ ವರ್ಷ ಅಂಬಿಕಾ ಇರಲಿ, ಮುಂದಿನ ಜೂನ್‌ನ ಮಾತು ಜೂನ್‌ನಲ್ಲಿ ಎಂದು ತೀರ್ಮಾನವಾಯಿತು. ತಪ್ಪಾಯಿತು ಎಂದು ಅವಳು ಹೇಳಲಿಲ್ಲ, ಹೇಳು ಎಂದು ಮತ್ತೆ ಯಾರೂ ಕೇಳಲೂ ಇಲ್ಲ.

ಸಂಜೆ ಮೂವರೂ ಒಟ್ಟಿಗೆ ಮನೆಗೆ ನಡೆದರು. ಮಂಜಯ್ಯ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಹೋಗುತ್ತಿದ್ದ. ದಿಬ್ಬದ ಮೇಲೆ ಮಂಡಿ ನೋವಿಗೆ ನಿಂತವನು, ಹಗ್ಗದ ತುದಿ ಹುಡುಕಿ ಹಿಡಿದು ಸೊಸೆಯ ಮುಂದೆ ಚಾಚಿದ.

"ಅವ್ರ ಅಜ್ಜಿಯೂ ನಮ್ಮ ಅಜ್ಜಿಯೂ ಇದ್ರಲ್ಲಿ ಎಲ್ಲಿ ಸೇರ್ತಾರೆ?"

ಅಂಬಿಕಾ ತುದಿಯ ಒಂದು ನಾರನ್ನು ಬಿಡಿಸಿ ಎತ್ತಿ ತೋರಿಸಿದಳು. "ಈ ನಾರಿನ ದಪ್ಪದೊಳಗೆ ಮಾವ."

"ಅಷ್ಟು ಹತ್ರನಾ?"

"ಅಷ್ಟೇ ಹತ್ರ."

ಮಂಜಯ್ಯ ಆ ನಾರನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅದು ಬಿಚ್ಚಿಕೊಳ್ಳದ ಹಾಗೆ ಎಂಜಲು ಹಚ್ಚಿ ಹೊಸೆದು, ಮತ್ತೆ ನಡೆದ. ಮಕ್ಕಳು ಇದನ್ನು ತುಳಿದರಾ ಎಂದು ಮಾತ್ರ ಸ್ವಲ್ಪ ದೂರ ಹೋದ ಮೇಲೆ ಕೇಳಿದ. ಪಕ್ಕದಲ್ಲೇ ನಡೆದರು, ಒಬ್ಬರೂ ತುಳಿಯಲಿಲ್ಲ ಎಂದು ಸೀತಕ್ಕ ಹೇಳಿದಳು. ಒಬ್ಬ ಹುಡುಗ ತುಳಿದಿದ್ದ. ಸುಳ್ಳು ಹೇಳುವುದನ್ನು ಅವಳು ಆ ಹೊತ್ತಿಗೆ ಕಲಿತಿದ್ದಳು.

ಇಷ್ಟಾದರೂ ರಾತ್ರಿ ಅವನು ತಟ್ಟೆ ಹಿಡಿದು ಜಗಲಿಗೇ ಹೋದ. ಸಿಟ್ಟು ಇಳಿದರೂ ಬಿಗುಮಾನ ಇಳಿಯಲು ಇನ್ನಷ್ಟು ದಿನ ಬೇಕು, ಗಂಡಸರ ಮರ್ಜಿ ಹಾಗೆ. ಬಾ ಎಂದು ಕರೆದರೆ ಬರುವುದಿಲ್ಲ, ಕರೆಯದಿದ್ದರೆ ಕರೆಯಲಿಲ್ಲ ಎನ್ನುತ್ತಾನೆ. ಸೀತಕ್ಕ ಕರೆಯಲು ಹೋಗಲಿಲ್ಲ. ಅರ್ಪಣಾಳ ಓಡಾಟ ಮಾತ್ರ ತಪ್ಪಿತು. ಮಾವ, ಇನ್ನೊಂದು ಸೌಟು ಸಾರು ಹಾಕಲಾ ಎಂದು ಅಂಬಿಕಾ ತಾನೇ ಕೇಳುತ್ತಿದ್ದಳು, ಹಾಕು ಎಂದು ಅವನೂ ತಾನೇ ಹೇಳುತ್ತಿದ್ದ.

ಕೊಯ್ಲು ಶುರುವಾಯಿತು. ದೊಡ್ಡಮನೆಯಿಂದ ಆ ವರ್ಷ ಮಂಜಯ್ಯನಿಗೆ ಕರೆ ಬರಲಿಲ್ಲ. ತೋಟದಲ್ಲಿ ದೋಟಿಯವರ ಕೂಗು ರಸ್ತೆಗೆ ಕೇಳುತ್ತಿತ್ತು. ಅವನು ಎರಡು ದಿನ ಬೇಲಿ ಕಟ್ಟುತ್ತ ಅದನ್ನು ಕೇಳಿಸಿಕೊಂಡ, ಮೂರನೇ ದಿನ ಬೇಗಾರ್ ಕಡೆ ಬೇರೆಯವರ ತೋಟಕ್ಕೆ ಕೆಲಸ ಹುಡುಕಿಕೊಂಡು ಹೋದ. ಹೋಗುವಾಗ ಬುತ್ತಿ ಕಟ್ಟಿಕೊಟ್ಟವಳು ಅಂಬಿಕಾ. ಸಂಪದಾ ಮತ್ತು ನಿಶ್ಚಿತಾ ಶಾಲೆಯ ಜಗಲಿಯಲ್ಲಿ ಈಗಲೂ ಅಕ್ಕಪಕ್ಕ ಕೂತು ಉಣ್ಣುತ್ತಾರೆಂದು ಸೀತಕ್ಕ ಒಂದು ದಿನ ಹೇಳಿದಾಗ, ಅವನು ಅದನ್ನು ಎರಡನೇ ಸಲ ಹೇಳಿಸಿ ಕೇಳಿದ.

ದೀಪಾವಳಿ ಬಂತು. ಹಿರಿಯರಿಗೆ ಎಡೆ ಇಡುವ ಸಂಜೆ, ಸೀತಕ್ಕ ಒಳಗಿನ ಕೋಣೆ ಸಾರಿಸಿ ಗೋಡೆಗೆ ಸಾಲಾಗಿ ಬಾಳೆ ಎಲೆ ಹಾಕಿದಳು. ಕಡುಬು, ಪಾಯಸ, ಸಾರು, ಪಲ್ಯ, ಅವರವರಿಗೆ ಇಷ್ಟವಾದದ್ದು ಅವರವರ ಎಲೆಗೆ ಬಿತ್ತು. ಮಂಜಯ್ಯ ಒಂದೊಂದು ಎಲೆಯ ಮುಂದೆ ನಿಂತು ಹೆಸರು ಹೇಳಿ ಕರೆದ. ಅಪ್ಪನಿಗೆ ಎಲೆ ಅಡಿಕೆ ಇಟ್ಟ, ಅವ್ವನಿಗೆ ಹೂ ಇಟ್ಟ, ಅಜ್ಜನಿಗೆ ಒಂದು ಬೀಡಿಯನ್ನೂ ಇಟ್ಟ. ಕೊನೆಗೆ ಹೆಸರಿಲ್ಲದವರ ಎಲೆ ಉಳಿಯಿತು. ಸೀತಕ್ಕ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಅದಕ್ಕೆ ಬಡಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸಿಲ ಕಡೆ ಹೊರಟಳು. ಜಗಲಿಯ ಮೂಲೆ ಅದರ ಜಾಗ. ಅವಳ ಅತ್ತೆಯ ಕಾಲದಿಂದಲೂ ಅಲ್ಲೇ.

"ಎಲ್ಲಿಗೆ ಹೊರಟೆ?" ಎಂದ ಮಂಜಯ್ಯ.

"ಹೊರಗೆ. ಮತ್ತೆಲ್ಲಿಗೆ?"

"ಇಲ್ಲಿ ಕೊಡು."

ಅವನು ಮಂಡಿ ನೋವನ್ನೂ ನೋಡದೆ ಕುಕ್ಕರಗಾಲಲ್ಲಿ ಕೂತ. ಅಪ್ಪನ ಎಲೆಯನ್ನು ಆ ಕಡೆ ಸರಿಸಿದ, ಅವ್ವನ ಎಲೆಯನ್ನು ಈ ಕಡೆ ಸರಿಸಿದ. ನಡುವೆ ಆದ ಜಾಗದಲ್ಲಿ ಹೆಸರಿಲ್ಲದವರ ಎಲೆಯನ್ನು ಇಟ್ಟು, ತುದಿ ಮಡಚಿಕೊಂಡಿದ್ದನ್ನು ಬೆರಳಿನಿಂದ ಬಿಡಿಸಿದ. ಅಂಬಿಕಾ ದೀಪ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅರ್ಪಣಾ ಮಾತ್ರ ಅಜ್ಜನ ಬೆನ್ನಿಗೆ ಬಿದ್ದು ಇಣುಕಿದಳು.

"ಅಜ್ಜ, ಇವ್ರಿಗೆಲ್ಲ ಬಾಲ ಇತ್ತಾ?"

"ಇದ್ರೆ ಇರ್ಲಿ ಬಿಡು" ಎಂದ ಮಂಜಯ್ಯ. "ಹೊರಗೆ ಕೂತು ಉಂಡಿದ್ದು ಸಾಕು."

ಎಡೆ ಮುಗಿದು, ಬಾಗಿಲು ಮುಚ್ಚಿ ಹಿರಿಯರಿಗೆ ಉಣ್ಣಲು ಹೊತ್ತು ಕೊಟ್ಟು, ಮತ್ತೆ ತೆರೆದು ಕೈ ಮುಗಿದದ್ದಾಯಿತು. ಸೀತಕ್ಕ ಒಲೆಯ ಮುಂದೆ ತಟ್ಟೆ ಹಾಕಿದಳು. ಗಂಡನ ತಟ್ಟೆಯನ್ನು ಎಂದಿನಂತೆ ಬೇರೆ ತೆಗೆದು ಜಗಲಿಗೆ ಕೊಡಲೆಂದು ತಿರುಗಿದರೆ ಅವನು ಆಗಲೇ ಸಾಲಿನಲ್ಲಿ ಕೂತಿದ್ದ. ಸೊಸೆಯ ಪಕ್ಕದಲ್ಲಿ, ಅವನ ಹಳೇ ಜಾಗದಲ್ಲಿ. ಸೀತಕ್ಕ ಆ ತಟ್ಟೆಯನ್ನು ಅವನ ಮುಂದೆ ಇಟ್ಟಳು. ಆಮೇಲೆ ಅನ್ನದ ಪಾತ್ರೆ ತಂದು ಈ ತುದಿಯಿಂದ ಬಡಿಸುತ್ತ ಹೋದಳು.